ಮಕ್ಕಳ ಜೊತೆ ಬಾಡಿಗೆಗೆ ಯಾವ ಊರು? ಮೂರು ಕಡೆ ಇದ್ದು ನೋಡಿದ ಮೇಲೆ

ನಗರದಿಂದ ಸ್ವಲ್ಪ ಹೊರಗೆ, ಮೂರು ಥರದ ಊರುಗಳಲ್ಲಿ ಬಾಡಿಗೆಗೆ ಇದ್ದೇವೆ. ಒಂದು, ನಗರಕ್ಕೆ ರೈಲು ಇರುವ ಹಳೇ ಸ್ಟೇಷನ್ ಊರು. ಇನ್ನೊಂದು, ಹೆದ್ದಾರಿ ಪಕ್ಕ ಹೊಸದಾಗಿ ಎದ್ದಿರುವ ದೊಡ್ಡ ಅಪಾರ್ಟ್‌ಮೆಂಟ್ ಬಡಾವಣೆ. ಮೂರನೆಯದು ಇನ್ನೂ ಆಚೆ, ಹೊಲ ಮರ ಉಳಿದಿರುವ ಅಂಚಿನ ಊರು. ಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ನನ್ನ ಓಟು ಸ್ಟೇಷನ್ ಊರಿಗೆ. ಮನೆ ಹಳೆಯದಾದರೂ ಪರವಾಗಿಲ್ಲ.

ಬರೀ ಮನೆ ನೋಡಿದರೆ ಹೊಸ ಬಡಾವಣೆಯೇ ಮೇಲು, ಎರಡು ಮಾತಿಲ್ಲ. ಗಾಳಿ ಬೆಳಕು ಚೆನ್ನಾಗಿತ್ತು, ಲಿಫ್ಟ್ ಇತ್ತು, ನಲ್ಲಿ ಸೋರುತ್ತಿದೆ ಅಂತ ಹೇಳಿದರೆ ಅವತ್ತೇ ಯಾರಾದರೂ ಬರುತ್ತಿದ್ದರು. ಅಂಚಿನ ಊರಲ್ಲಿ ಮೂರರಲ್ಲೇ ದೊಡ್ಡ ಮನೆ, ಸುತ್ತ ಜಾಗ, ಬಾಡಿಗೆ ಎಲ್ಲಕ್ಕಿಂತ ಕಡಿಮೆ. ಸ್ಟೇಷನ್ ಊರಿನ ಮನೆಯಲ್ಲಿ ಬಚ್ಚಲ ಗೋಡೆಗೆ ತೇವ ಬರುತ್ತದೆ, ಸಾಮಾನು ಇಡಲು ಜಾಗ ಸಾಲದು, ರಾತ್ರಿ ಗೂಡ್ಸ್ ರೈಲಿನ ಸದ್ದು ಬೇರೆ. ಮಲಗುವ ಕೋಣೆ ಹಿಂದುಗಡೆ ಇರುವ ಮನೆ ಹಿಡಿದರೆ ಆ ಸದ್ದು ಅಷ್ಟು ಕಾಡುವುದಿಲ್ಲ.

ಆದರೆ ಮಕ್ಕಳು ಮನೆಯೊಳಗಷ್ಟೇ ಬೆಳೆಯುವುದಿಲ್ಲ ಅಲ್ವಾ? ಹೊಸ ಬಡಾವಣೆಯಲ್ಲಿ ನಮ್ಮ ಬಾಲ್ಕನಿಯಿಂದ ಪಾರ್ಕು ಕಾಣುತ್ತಿತ್ತು. ಜಾರುಬಂಡೆಯ ಬಣ್ಣವೂ ಕಾಣುವಷ್ಟು ಹತ್ತಿರ. ಮಧ್ಯೆ ಮಾತ್ರ ಹೆದ್ದಾರಿ. ದಾಟಲು ಸಿಗ್ನಲ್ ಇಲ್ಲ, ಮೇಲ್ಸೇತುವೆಯೂ ಇಲ್ಲ. ಹಾಗಾಗಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಮುಂದಿನ ಯೂ-ಟರ್ನ್‌ವರೆಗೆ ಹೋಗಿ, ತಿರುಗಿ ಬಂದು, ಪಾರ್ಕಿಂಗ್ ಹುಡುಕಿ ಇಳಿಸಬೇಕು, ಅಷ್ಟರಲ್ಲಿ ಚಿಕ್ಕವನು ನಿದ್ದೆ ಹೋಗಿರುತ್ತಿದ್ದ. ಸ್ಟೇಷನ್ ಊರಲ್ಲಿ ದೊಡ್ಡವಳು ಈಗ ಲೈಬ್ರರಿಗೆ ಒಬ್ಬಳೇ ಹೋಗುತ್ತಾಳೆ. ಉದ್ದಕ್ಕೂ ಫುಟ್‌ಪಾತ್ ಇದೆ. ಒಂದೇ ಒಂದು ರಸ್ತೆ ದಾಟಬೇಕು, ಅಲ್ಲಿ ಉಬ್ಬು ಇರುವುದರಿಂದ ಗಾಡಿಗಳು ತಾವಾಗಿಯೇ ನಿಧಾನವಾಗುತ್ತವೆ. ಗಾಡಿಯ ವೇಗ ಸಣ್ಣ ವಿಷಯವಲ್ಲ. ಗಂಟೆಗೆ 30 ಕಿ.ಮೀ.ನಲ್ಲಿ ಬರುವ ಕಾರಿಗಿಂತ 50ರಲ್ಲಿ ಬರುವ ಅದೇ ಕಾರು ಗುದ್ದುವ ಶಕ್ತಿ ಹತ್ತಿರ ಹತ್ತಿರ ಮೂರು ಪಟ್ಟು.

ರಸ್ತೆ ಹೇಗಿದೆಯೋ ಅಕ್ಕಪಕ್ಕದವರ ಒಡನಾಟವೂ ಹಾಗೆ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸ ತಜ್ಞರು 1960ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಹೋಲಿಸಿ ನೋಡಿದ್ದರು. ದಿನಕ್ಕೆ ಸುಮಾರು 2,000 ಗಾಡಿ ಓಡಾಡುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು, ಸುಮಾರು 16,000 ಗಾಡಿ ಓಡಾಡುವ ಕಡೆ ಒಬ್ಬರೂ ಪೂರ್ತಿ ಇಲ್ಲ, 0.9. ನಮ್ಮ ಅನುಭವವೂ ಇದೇ. ಸ್ಟೇಷನ್ ಊರಿನ ನಮ್ಮ ಬೀದಿಯಲ್ಲಿ ಎದುರು ಮನೆಯ ಅಜ್ಜಿಗೆ ನಮ್ಮ ಮಕ್ಕಳ ಹೆಸರು, ಜಗಳ, ಜ್ವರ ಎಲ್ಲ ಗೊತ್ತು.

ಅಂಚಿನ ಊರಲ್ಲಿ ಹಸಿರು ಬೇಕಾದಷ್ಟಿತ್ತು, ಕಣ್ಣಿಗೆ ಮಾತ್ರ. ಎಲ್ಲ ಯಾರದೋ ಜಮೀನು, ಸುತ್ತ ಬೇಲಿ. ಮಕ್ಕಳು ಆಡುತ್ತಿದ್ದದ್ದು ರಸ್ತೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ ನಗರವಾಸಿಗಳಿಗೆ ಹೇಳುವ ಲೆಕ್ಕ ಎಂದರೆ, ಮನೆಯಿಂದ 300 ಮೀಟರ್ ಒಳಗೆ ಕನಿಷ್ಠ ಅರ್ಧ ಹೆಕ್ಟೇರ್ ಹಸಿರು ಜಾಗ, ಅದೂ ಎಲ್ಲರೂ ಹೋಗಬಹುದಾದದ್ದು. ಐದು ನಿಮಿಷದ ನಡಿಗೆ. ಮನೆ ನೋಡಲು ಹೋದಾಗ ಇದನ್ನು ಮಕ್ಕಳ ಕೈ ಹಿಡಿದು ನಡೆದೇ ನೋಡಿ. ಮ್ಯಾಪಿನಲ್ಲಿ ಬೇಲಿ ಕಾಣುವುದಿಲ್ಲ.

ಕೆಲಸಕ್ಕೆ ಹೋಗಿಬರುವ ಸಮಯದ ಬಗ್ಗೆ ಎಲ್ಲರೂ ಹೇಳುತ್ತಾರೆ, ಸುಮ್ನೆ ಎಳೆಯುವುದಿಲ್ಲ. ರೈಲು ಎಷ್ಟು ಹೊತ್ತು ಅಂತ ಮೊದಲೇ ಗೊತ್ತಿರುತ್ತದೆ, ಹೆದ್ದಾರಿಯಲ್ಲಿ ಅದು ದಿನಕ್ಕೊಂದು ಥರ. ಅಂಚಿನ ಊರಿನ ಬಾಡಿಗೆ ಕಡಿಮೆ ಅಂತ ಕಂಡರೂ ಅಲ್ಲಿ ಎರಡನೇ ಗಾಡಿ ಬೇಕೇ ಬೇಕು. ಅದರ ಖರ್ಚು ಸೇರಿಸಿದಾಗ ನಮಗೆ ಉಳಿದದ್ದು ಏನೂ ಇಲ್ಲ.

ಬಾಡಿಗೆಯವರು ಮುಖ್ಯವಾಗಿ ಯೋಚಿಸಬೇಕಾದ್ದು ಇನ್ನೊಂದಿದೆ. ಓನರ್ ಯಾವಾಗ ಬೇಕಾದರೂ ‘ಮಗಳಿಗೆ ಮನೆ ಬೇಕು, ಖಾಲಿ ಮಾಡಿಕೊಡಿ’ ಎನ್ನಬಹುದು. ಆಗ ಅದೇ ಊರಲ್ಲಿ ಇನ್ನೊಂದು ಮನೆ ಸಿಗುತ್ತದಾ? ಅಂಚಿನ ಊರಲ್ಲಿ ನಮಗೆ ಹೀಗೇ ಆಯಿತು. ಬಾಡಿಗೆಗೆ ಮನೆಗಳೇ ಕಡಿಮೆ, ಹಾಗಾಗಿ ಮನೆಯ ಜೊತೆ ಸ್ಕೂಲೂ ಹೋಯಿತು, ಮಗಳ ಗೆಳತಿಯರೂ ಹೋದರು. ಅವಳು ಎಷ್ಟೋ ದಿನ ಹೊಸ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಸ್ಟೇಷನ್ ಊರಲ್ಲಿ ಸಣ್ಣದು, ದೊಡ್ಡದು, ಮಹಡಿ ಮೇಲಿನದು ಅಂತ ಬಾಡಿಗೆ ಮನೆ ಯಾವಾಗಲೂ ನಾಲ್ಕಾರು ಖಾಲಿ ಇರುತ್ತವೆ. ಅಲ್ಲೂ ಒಮ್ಮೆ ಮನೆ ಬದಲಿಸಿದೆವು, ಎರಡು ಬೀದಿ ಆಚೆಗೆ. ಮಕ್ಕಳ ಸ್ಕೂಲ್ ಅದೇ, ದಾರಿ ಮಾತ್ರ ಬೇರೆ. ಮನೆಯ ವಿಳಾಸ ನೋಡಿ ಸೀಟು ಕೊಡುವ ಕಡೆಗಳಲ್ಲಂತೂ ಇದನ್ನು ಮೊದಲೇ ವಿಚಾರಿಸಿಕೊಳ್ಳಲೇಬೇಕು.

ಉಳಿದ ಎರಡು ಯಾರಿಗೂ ಬೇಡ ಅನ್ನುತ್ತಿಲ್ಲ. ಮಗು ಇನ್ನೂ ನಡೆಯಲು ಕಲಿಯುವ ವಯಸ್ಸಿನದಾದರೆ ಹೊಸ ಬಡಾವಣೆ ನಿಜಕ್ಕೂ ಚೆನ್ನ. ಗಾಡಿಗಳು ನೆಲಮಾಳಿಗೆಯಲ್ಲಿರುತ್ತವೆ, ಗೇಟಿನೊಳಗೆ ಮಗುವನ್ನು ಬಿಡಬಹುದು, ಸಂಜೆ ಕೆಳಗೆ ಇಳಿದರೆ ಅದೇ ವಯಸ್ಸಿನ ಮಕ್ಕಳ ತಾಯಂದಿರು ಸಿಗುತ್ತಾರೆ. ಇಬ್ಬರೂ ಮನೆಯಿಂದಲೇ ಕೆಲಸ ಮಾಡುವವರಾದರೆ ಅಂಚಿನ ಊರೂ ಆಗಬಹುದು, ಆದರೆ ಕರಾರಿಗೆ ಸಹಿ ಹಾಕುವ ಮುಂಚೆ ಮನೆ ಖಾಲಿ ಮಾಡಲು ಎಷ್ಟು ತಿಂಗಳ ನೋಟಿಸ್ ಅಂತ ಕೇಳಿ, ಸ್ಕೂಲ್ ವರ್ಷದ ಮಧ್ಯೆ ಬಿಡಿಸುವುದಿಲ್ಲ ಅನ್ನುವ ಮಾತನ್ನು ಕರಾರಿನಲ್ಲೇ ಬರೆಸಿಕೊಳ್ಳಿ.