ಹೊಸ ಕ್ರೈಂ ಲೇಖಕರನ್ನು ಹುಡುಕಲು ನಾನು ಹಿಡಿದ ದಾರಿಗಳು: ಯಾವುದು ಫಲ ಕೊಟ್ಟಿತು, ಯಾವುದು ಸುಮ್ನೆ ಸುತ್ತಾಡಿಸಿತು

ಇಷ್ಟದ ಲೇಖಕರ ಪುಸ್ತಕವೆಲ್ಲ ಮುಗಿದ ಮೇಲೆ ಮುಂದೇನು? ಕ್ರೈಂ, ಥ್ರಿಲ್ಲರ್ ಓದುವವರಿಗೆ ಈ ಪ್ರಶ್ನೆ ಬೇರೆಯವರಿಗಿಂತ ಬೇಗ ಎದುರಾಗುತ್ತದೆ. ಒಂದು ಒಳ್ಳೇ ಪತ್ತೇದಾರಿ ಕಾದಂಬರಿ ಎರಡು ರಾತ್ರಿಯಲ್ಲಿ ಖಾಲಿ. ಕೊಲೆಗಾರ ಯಾರು ಅಂತ ಗೊತ್ತಾದ ಮೇಲೆ ಅದನ್ನೇ ಮತ್ತೆ ಕೈಗೆತ್ತಿಕೊಳ್ಳುವವರು ಕಡಿಮೆ. (ನಾನು ಕೆಲವನ್ನು ಮತ್ತೆ ಓದುತ್ತೇನೆ, ಅದು ಬೇರೆ ಮಾತು.) ಹಾಗಾಗಿ ಹೊಸ ಹೆಸರುಗಳು ಬೇಕೇ ಬೇಕು. ಅಂಗಡಿ ಆ್ಯಪ್‌ಗಳ ಶಿಫಾರಸು, ಓದುಗರ ರೇಟಿಂಗ್, ಬೆನ್ನುಡಿ, ಪ್ರಶಸ್ತಿ ಪಟ್ಟಿ, ಅನುವಾದಕರ ಹೆಸರು, ಹಳೇ ಪುಸ್ತಕಗಳ ಮುನ್ನುಡಿ, ಸಣ್ಣಕಥೆಯ ಪತ್ರಿಕೆ, ಗೆಳೆಯರ ಮಾತು, ಎಲ್ಲವನ್ನೂ ಹಿಡಿದು ನೋಡಿದ್ದೇನೆ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಸಾವಿರ ಜನ ಸೇರಿ ಕೊಟ್ಟ ನಕ್ಷತ್ರಗಳಿಗಿಂತ, ರುಚಿ ಏನು ಅಂತ ನಮಗೆ ಗೊತ್ತಿರುವ ಒಬ್ಬರ ಬೆನ್ನು ಹತ್ತುವುದು ಎಷ್ಟೋ ಮೇಲು.

ಮೊದಲು ಆ್ಯಪ್ ಶಿಫಾರಸು. 'ಇದನ್ನು ಕೊಂಡವರು ಇದನ್ನೂ ಕೊಂಡರು' ಅನ್ನುವ ಸಾಲು. ಇದು ಪುಸ್ತಕ ಹೇಗಿದೆ ಅಂತ ನೋಡುವುದೇ ಇಲ್ಲ, ಯಾರು ಯಾವುದರ ಜೊತೆಗೆ ಯಾವುದನ್ನು ಕೊಂಡರು ಅಂತ ಮಾತ್ರ ನೋಡುತ್ತದೆ. ಹಾಗಾದರೆ ಈಗಾಗಲೇ ಜಾಸ್ತಿ ಮಾರಾಟವಾಗಿರುವ ಪುಸ್ತಕವೇ ಎಲ್ಲರ ಪಟ್ಟಿಯಲ್ಲೂ ಬಂದು ಕೂರುತ್ತದೆ, ಅಲ್ವಾ? ನಾರ್ವೆಯ ಒಂದು ಪತ್ತೇದಾರಿ ಓದಿದರೆ ಮೂರು ತಿಂಗಳಾದರೂ ಅದೇ ಐದಾರು ಸ್ಕ್ಯಾಂಡಿನೇವಿಯನ್ ಹೆಸರುಗಳು, ಅದೇ ಹಿಮ, ಅದೇ ನೀಲಿ ಮುಖಪುಟ. 2012ರಲ್ಲಿ 'ಗಾನ್ ಗರ್ಲ್', 2015ರಲ್ಲಿ 'ದ ಗರ್ಲ್ ಆನ್ ದ ಟ್ರೈನ್' ಬಂದು ಗೆದ್ದ ಮೇಲಂತೂ ಹೆಸರಲ್ಲಿ 'ಗರ್ಲ್' ಇರುವ ಪುಸ್ತಕಗಳೆಲ್ಲ ಒಂದರ ಬಾಲ ಹಿಡಿದು ಇನ್ನೊಂದು ಬಂದವು. ಒಳಗೆ ಏನಿದೆ ಅನ್ನುವುದು ಯಂತ್ರಕ್ಕೆ ಬೇಕಿಲ್ಲ. ಆದರೂ ಪೂರ್ತಿ ಬೈಯುವಂತಿಲ್ಲ. ಪ್ರಯಾಣಕ್ಕೆ ಒಂದು ವೇಗದ ಥ್ರಿಲ್ಲರ್ ಬೇಕು, ಬಾಂಬು ಇರಲಿ, ಗಡಿಯಾರ ಓಡುತ್ತಿರಲಿ, ಮುಗಿದ ಮೇಲೆ ಮರೆತರೂ ಪರವಾಗಿಲ್ಲ ಅನ್ನುವಾಗ ಆ್ಯಪ್ ಹೇಳಿದ್ದು ಸಾಮಾನ್ಯವಾಗಿ ಸರಿಯೇ ಇರುತ್ತದೆ.

ಓದುಗರ ರೇಟಿಂಗ್ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಓದುವ ರೀತಿ ಗೊತ್ತಿದ್ದರೆ ಮಾತ್ರ. ಕ್ರೈಂ ಸರಣಿಗಳಲ್ಲಿ ಒಂದು ತಮಾಷೆ ಗಮನಿಸಿ. ಮೊದಲ ಪುಸ್ತಕಕ್ಕಿಂತ ಏಳನೆಯದಕ್ಕೆ ಹೆಚ್ಚು ಅಂಕ ಇರುತ್ತದೆ. ಲೇಖಕರು ಪಳಗಿದರು ಅಂತ ಅಂದುಕೊಳ್ಳಬೇಡಿ. ಮೊದಲ ಪುಸ್ತಕ ಇಷ್ಟವಾಗದವರೆಲ್ಲ ಅಲ್ಲೇ ಇಳಿದು ಹೋಗಿರುತ್ತಾರೆ, ಏಳನೆಯದರವರೆಗೆ ಬಂದವರು ಅಭಿಮಾನಿಗಳು ಮಾತ್ರ. ಅವರು ಅಂಕ ಕೊಡದೆ ಇರುತ್ತಾರೆಯೇ? ಹಾಗಾಗಿ ಹೊಸ ಲೇಖಕರನ್ನು ಅಳೆಯಲು ಸರಣಿಯ ಮೊದಲ ಪುಸ್ತಕದ ಅಂಕ ನೋಡಬೇಕು, ಅದು ಐದಕ್ಕೆ 3.7 ಇದ್ದರೂ ಹೆದರಬೇಕಿಲ್ಲ.

ಇನ್ನೊಂದು, ಐದು ನಕ್ಷತ್ರದ ವಿಮರ್ಶೆಗಳನ್ನು ನಾನು ಓದುವುದೇ ಇಲ್ಲ. 'ಕೆಳಗಿಡಲು ಆಗಲಿಲ್ಲ' ಅಂತ ಎಲ್ಲ ಪುಸ್ತಕದ ಕೆಳಗೂ ಬರೆದಿರುತ್ತಾರೆ. ಎರಡು ನಕ್ಷತ್ರದವರು ಕಾರಣ ಕೊಡುತ್ತಾರೆ. 'ಮೊದಲ ನೂರು ಪುಟ ಬರೀ ಮಾತುಕತೆ, ಪೊಲೀಸಿನವನು ಸುಮ್ನೆ ಮನೆ ಮನೆಗೆ ಹೋಗಿ ಕಾಫಿ ಕುಡಿಯುತ್ತಾನೆ' ಅಂತ ಒಬ್ಬರು ಸಿಟ್ಟಿನಿಂದ ಬರೆದಿದ್ದರು. ನನಗೆ ಅದಕ್ಕಿಂತ ಒಳ್ಳೇ ಜಾಹೀರಾತು ಬೇಕಿರಲಿಲ್ಲ, ಆ ಲೇಖಕರ ಮೂರು ಪುಸ್ತಕ ಸಾಲಾಗಿ ಓದಿದೆ. 'ಕೊನೆಯಲ್ಲಿ ಪತ್ತೇದಾರಿಗೆ ಹೇಗೆ ಗೊತ್ತಾಯಿತು ಅನ್ನುವುದೇ ಹೇಳಿಲ್ಲ' ಅಂತ ಇದ್ದರೆ ಮಾತ್ರ ಮುಂದಕ್ಕೆ ಹೋಗಿಬಿಡುತ್ತೇನೆ.

ಬೆನ್ನುಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೊಡ್ಡ ಹೆಸರಿನವರು ಹೊಗಳಿದ್ದಾರೆ ಅಂದರೆ ಇಬ್ಬರ ಪ್ರಕಾಶಕರೂ ಒಬ್ಬರೇ ಇರಬಹುದು, ಏಜೆಂಟ್ ಒಬ್ಬರೇ ಇರಬಹುದು. ಎಷ್ಟೋ ಸಲ ಆ ಹೊಗಳಿಕೆ ಕೈಯಲ್ಲಿರುವ ಪುಸ್ತಕದ್ದೂ ಅಲ್ಲ, ಲೇಖಕರ ಹಿಂದಿನ ಪುಸ್ತಕಕ್ಕೆ ಬಂದಿದ್ದು. ಹತ್ತಿರದಿಂದ ಓದಿದರೆ ಗೊತ್ತಾಗುತ್ತದೆ.

ಪ್ರಶಸ್ತಿಗಳಿಗೆ ಬಂದರೆ ಮಾತು ಬದಲಾಗುತ್ತದೆ. ಇಲ್ಲಿಯೂ ನೇರವಾಗಿ ಗೆದ್ದವರ ಪಟ್ಟಿಗೆ ಹೋಗುವುದರಿಂದ ಲಾಭ ಕಡಿಮೆ, ಅವರ ಹೆಸರು ಹೇಗಿದ್ದರೂ ಕಿವಿಗೆ ಬೀಳುತ್ತದೆ. ನೋಡಬೇಕಾದ್ದು ಚೊಚ್ಚಲ ಕಾದಂಬರಿಗೆ ಕೊಡುವ ಪ್ರಶಸ್ತಿಗಳನ್ನು, ಅದರಲ್ಲೂ ಅಂತಿಮ ಸುತ್ತಿಗೆ ಬಂದು ಗೆಲ್ಲದೆ ಉಳಿದವರನ್ನು. ಅಮೆರಿಕದ ಎಡ್ಗರ್ ಪ್ರಶಸ್ತಿಯಲ್ಲಿ ಮೊದಲ ಕಾದಂಬರಿಗೇ ಒಂದು ವಿಭಾಗ ಇದೆ. 2008ರಲ್ಲಿ ಅದು ಟಾನಾ ಫ್ರೆಂಚ್ ಅವರಿಗೆ ಹೋಯಿತು, ಆಮೇಲೆ ಅವರು ಕ್ರೈಂ ಓದುವವರ ನಡುವೆ ದೊಡ್ಡ ಹೆಸರಾದರು. ಬ್ರಿಟನ್ನಿನ ಡ್ಯಾಗರ್ ಅನ್ನುವ ಕ್ರೈಂ ಪ್ರಶಸ್ತಿಗಳಲ್ಲೂ ಮೊದಲ ಕಾದಂಬರಿಗೆ ಒಂದು ಇದೆ, ಆಗ ಅದರ ಹೆಸರು ನ್ಯೂ ಬ್ಲಡ್ ಡ್ಯಾಗರ್. 2007ರಲ್ಲಿ ಅದನ್ನು ಪಡೆದವರು ಗಿಲಿಯನ್ ಫ್ಲಿನ್. ಅವರ 'ಗಾನ್ ಗರ್ಲ್' ಬರಲು ಇನ್ನೂ ಐದು ವರ್ಷ ಇತ್ತು! ಆ ವಿಭಾಗವನ್ನು ಗಮನಿಸುತ್ತಿದ್ದವರು ಅವರನ್ನು ಆಗಲೇ ಓದಿ ಮುಗಿಸಿದ್ದರು, ಆ್ಯಪ್ ನಂಬಿದವರು ಐದು ವರ್ಷ ಕಾದರು.

ನನಗೆ ಎಲ್ಲಕ್ಕಿಂತ ಇಷ್ಟವಾದ ಪಟ್ಟಿ ಗ್ಲಾಸ್ ಕೀ. ಡೆನ್ಮಾರ್ಕ್, ಫಿನ್ಲೆಂಡ್, ಐಸ್ಲೆಂಡ್, ನಾರ್ವೆ, ಸ್ವೀಡನ್ ಐದೂ ದೇಶದ ಲೇಖಕರ ಕ್ರೈಂ ಪುಸ್ತಕಗಳಲ್ಲಿ ಒಂದಕ್ಕೆ ವರ್ಷಕ್ಕೊಮ್ಮೆ ಕೊಡುವ ಪ್ರಶಸ್ತಿ. 1992ರಲ್ಲಿ ಮೊದಲು ಬಂದಿದ್ದು ಸ್ವೀಡನ್ನಿನ ಹೆನಿಂಗ್ ಮ್ಯಾಂಕೆಲ್ ಅವರಿಗೆ. 1998ರಲ್ಲಿ ನಾರ್ವೆಯ ಜೋ ನೆಸ್ಬೊ ಅವರ ಮೊದಲ ಕಾದಂಬರಿಗೆ ಸಿಕ್ಕಿತು. ಆ ಪುಸ್ತಕ ಇಂಗ್ಲಿಷಿಗೆ ಬಂದಿದ್ದು ಯಾವಾಗ ಗೊತ್ತಾ? 2012ರಲ್ಲಿ. ಅಂದರೆ ಈ ಪಟ್ಟಿ ಇಂಗ್ಲಿಷ್ ಪ್ರಕಾಶಕರಿಗಿಂತ ಹದಿನಾಲ್ಕು ವರ್ಷ ಮುಂದೆ ಇತ್ತು. ಈಗಲೂ ಅದರಲ್ಲಿನ ಹೊಸ ಹೆಸರುಗಳನ್ನು ಬರೆದಿಟ್ಟುಕೊಂಡು ಅನುವಾದ ಬಂದಿದೆಯಾ ಅಂತ ಆಗಾಗ ನೋಡುತ್ತಿರುತ್ತೇನೆ. ಐಸ್ಲೆಂಡಿನ ಆರ್ನಾಲ್ಡುರ್ ಇಂದ್ರಿದಾಸನ್ ಇದನ್ನು 2002, 2003ರಲ್ಲಿ ಸತತವಾಗಿ ಎರಡು ಸಲ ಗೆದ್ದರು. 2005ರಲ್ಲಿ, ವರ್ಷದ ಅತ್ಯುತ್ತಮ ಕ್ರೈಂ ಕಾದಂಬರಿಗೆ ಕೊಡುವ ಬ್ರಿಟನ್ನಿನ ಗೋಲ್ಡ್ ಡ್ಯಾಗರ್ ಕೂಡ ಅವರಿಗೇ ಹೋಯಿತು. ಮರುವರ್ಷದಿಂದ ಅನುವಾದಿತ ಪುಸ್ತಕಗಳಿಗೆ ಅಂತಲೇ ಇಂಟರ್‌ನ್ಯಾಷನಲ್ ಡ್ಯಾಗರ್ ಶುರುವಾಯಿತು. ಹೊರಗಿನವರು ಬಂದು ಚಿನ್ನ ಹೊತ್ತೊಯ್ದರು ಅಂತ ಅಲ್ಲಿನವರಿಗೆ ಹೊಟ್ಟೆ ಉರಿದಿತ್ತೋ ಏನೋ! ಓದುಗರಾದ ನಮಗೆ ಅದರಿಂದ ಒಳ್ಳೆಯದೇ ಆಯಿತು.

ಪ್ರಶಸ್ತಿಗಳ ಕೊರತೆ ಏನು ಅಂದರೆ, ತೀರ್ಪುಗಾರರಿಗೆ ಗಂಭೀರ ಪುಸ್ತಕಗಳ ಮೇಲೆ ಒಲವು ಜಾಸ್ತಿ ಅಂತ ನನಗೆ ಅನ್ನಿಸಿದೆ. ದುಃಖದಲ್ಲಿ ಮುಳುಗಿದ ತನಿಖಾಧಿಕಾರಿ, ಒಡೆದ ಸಂಸಾರ, ಸಮಾಜದ ಹುಳುಕು, ಇವೆಲ್ಲ ಇದ್ದರೆ ಅಂಕ ಬೀಳುತ್ತದೆ. ಬೀಗ ಹಾಕಿದ ಕೋಣೆಯಲ್ಲಿ ಹೆಣ, ಹತ್ತು ಜನ ಶಂಕಿತರು, ಶುದ್ಧ ಒಗಟು ಬೇಕು ಅನ್ನುವವರು, ನಗಿಸುವ ಕ್ರೈಂ ಬೇಕು ಅನ್ನುವವರು ಬೇರೆ ಕಡೆ ಹುಡುಕಬೇಕು.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ದಾರಿ: ಅನುವಾದಕರ ಹೆಸರು. ಶೀರ್ಷಿಕೆ ಪುಟದಲ್ಲಿ, ಲೇಖಕರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಯಾರೂ ನೋಡುವುದಿಲ್ಲ. ನೆಸ್ಬೊ ಓದಿ ಮುಗಿದ ಮೇಲೆ ಆ ಇಂಗ್ಲಿಷಿನ ಓಟ ಇಷ್ಟವಾಗಿ ಅನುವಾದಕ ಡಾನ್ ಬಾರ್ಟ್ಲೆಟ್ ಇನ್ನೇನು ಮಾಡಿದ್ದಾರೆ ಅಂತ ಹುಡುಕಿದೆ. ಸಿಕ್ಕಿದ್ದು ಗುನ್ನಾರ್ ಸ್ಟಾಲೆಸನ್. ನಾರ್ವೆಯ ಬರ್ಗೆನ್ ಊರಿನ ಖಾಸಗಿ ಪತ್ತೇದಾರಿಯ ಸರಣಿ, ಶುರುವಾಗಿದ್ದು 1977ರಲ್ಲಿ. ನೆಸ್ಬೊಗಿಂತ ಇಪ್ಪತ್ತು ವರ್ಷ ಮೊದಲಿನಿಂದ ಬರೆಯುತ್ತಿರುವವರನ್ನು ಯಾವ ಆ್ಯಪ್ ಕೂಡ ನನಗೆ ತೋರಿಸಿರಲಿಲ್ಲ. ಅವರ ಪತ್ತೇದಾರಿ ಮೊದಲು ಮಕ್ಕಳ ರಕ್ಷಣೆಯ ಇಲಾಖೆಯಲ್ಲಿ ಕೆಲಸ ಮಾಡಿದವನು. ಹಾಗಾಗಿ ಅವನ ಕೇಸುಗಳಲ್ಲಿ ಹಳೇ ಸಂಸಾರಗಳ ಗಾಯಗಳೇ ಎದ್ದು ಬರುತ್ತವೆ, ಬಂದೂಕಿಗಿಂತ ಕೇಳುವ ಪ್ರಶ್ನೆಗಳಿಂದ ಕೆಲಸ ಆಗುತ್ತದೆ.

ಅದೇ ರೀತಿ ಫ್ರೆಂಚ್ ಕಡೆ ಶಾನ್ ರೆನಾಲ್ಡ್ಸ್. ಇಂಟರ್‌ನ್ಯಾಷನಲ್ ಡ್ಯಾಗರ್ ಹಣವನ್ನು ಲೇಖಕರ ಜೊತೆ ಅನುವಾದಕರಿಗೂ ಕೊಡುತ್ತಿದ್ದರು. ಫ್ರೆಡ್ ವರ್ಗಾಸ್ ಮತ್ತು ರೆನಾಲ್ಡ್ಸ್ ಜೋಡಿ ಅದನ್ನು 2006, 2007, 2009, 2013ರಲ್ಲಿ ಪಡೆದಿದೆ. ವರ್ಗಾಸ್ ವೃತ್ತಿಯಿಂದ ಪುರಾತತ್ವದವರು. ಆಡಮ್ಸ್‌ಬರ್ಗ್ ಅನ್ನುವ ಪೊಲೀಸ್ ಅಧಿಕಾರಿಯ ಮೇಲಿನ ಅವರ ಸರಣಿಯ ಮೊದಲ ಪುಸ್ತಕದಲ್ಲಿ ಪ್ಯಾರಿಸ್ಸಿನ ಫುಟ್‌ಪಾತ್ ಮೇಲೆ ಯಾರೋ ರಾತ್ರಿ ನೀಲಿ ಸೀಮೆಸುಣ್ಣದಲ್ಲಿ ವೃತ್ತ ಬರೆದು ಹೋಗುತ್ತಾರೆ. ಒಳಗೆ ಏನೋ ಒಂದು ಬೇಡದ ಚೂರುಪಾರು ವಸ್ತು ಇರುತ್ತದೆ. ಊರಿನವರಿಗೆ ತಮಾಷೆ, ಪತ್ರಿಕೆಗಳಿಗೆ ಸುದ್ದಿ. ಆಡಮ್ಸ್‌ಬರ್ಗ್ ಒಬ್ಬನಿಗೆ ಮಾತ್ರ ಅದು ಸರಿಬರುವುದಿಲ್ಲ. ಒಂದು ಬೆಳಗ್ಗೆ ವೃತ್ತದೊಳಗೆ ಹೆಣ. ಇಂಥ ಪುಸ್ತಕವನ್ನು 'ಇದರ ಹಾಗೆ ಇನ್ನೊಂದು' ಅಂತ ಯಂತ್ರ ಹೇಗೆ ತಾನೇ ಹುಡುಕೀತು?

ಅನುವಾದಕರ ದಾರಿಯಲ್ಲೂ ಒಂದು ಗುಂಡಿ ಇದೆ. ಅವರು ಕ್ರೈಂ ಒಂದನ್ನೇ ಮಾಡುವವರಲ್ಲ. ಬಾರ್ಟ್ಲೆಟ್ ಹಿಂದೆ ಹೋದರೆ ಕಾರ್ಲ್ ಓವೆ ಕ್ನಾಸ್ಗೋರ್ ಅವರ ದಪ್ಪ ದಪ್ಪ ಆತ್ಮಕಥೆಯಂಥ ಕಾದಂಬರಿಗಳೂ ಎದುರಾಗುತ್ತವೆ. ಅಲ್ಲಿ ಕೊಲೆ ಯಾವಾಗ ನಡೆಯುತ್ತದೆ ಅಂತ ಕಾದರೆ ಕಾಯುತ್ತಲೇ ಇರಬೇಕು.

ಇದಕ್ಕೆ ಸಮನಾಗಿ ನಿಲ್ಲುವುದು ಮುನ್ನುಡಿಗಳು. ಅಂದರೆ ಇಷ್ಟದ ಲೇಖಕರು ಯಾರನ್ನು ಓದಿ ಬೆಳೆದರು ಅಂತ ಹಿಂದಕ್ಕೆ ಹೋಗುವುದು. ಮ್ಯಾಂಕೆಲ್ ಇಷ್ಟವಾದರೆ ಮಾಯ್ ಶೋವಾಲ್ ಮತ್ತು ಪೆರ್ ವಾಲೂ ಸಿಗುತ್ತಾರೆ. ಅವರ ಮೊದಲ ಪುಸ್ತಕದ ಮರುಮುದ್ರಣಕ್ಕೆ ಮ್ಯಾಂಕೆಲ್ ಅವರೇ ಮುನ್ನುಡಿ ಬರೆದಿದ್ದಾರೆ. ಸಂಗಾತಿಗಳಾದ ಈ ಇಬ್ಬರೂ ಸೇರಿ 1965ರಿಂದ 1975ರವರೆಗೆ ಹತ್ತು ಪುಸ್ತಕ ಬರೆದರು, ಅಲ್ಲಿಗೆ ಮುಗಿಯಿತು. ನಾಲ್ಕನೆಯದಕ್ಕೆ 1971ರಲ್ಲಿ ಎಡ್ಗರ್ ಕೂಡ ಬಂತು. ಅಲ್ಲಿಂದ ಇನ್ನೂ ಹಿಂದೆ ಹೋದರೆ ಅಮೆರಿಕದ ಎಡ್ ಮಕ್‌ಬೇನ್, ಒಂದೇ ಠಾಣೆಯ ಪೊಲೀಸರ ಕಥೆ. ಮುಂದಿನ ಪುಸ್ತಕ ಯಾವಾಗ ಅಂತ ಕಾಯುವ ಗೋಳಿಲ್ಲ, ಎಲ್ಲವೂ ಬರೆದು ಮುಗಿದಿವೆ. ನಮಗೆ ಹೊಸಬರಾದರೆ ಹೊಸ ಲೇಖಕರೇ ಅಲ್ವಾ?

ಒಗಟು ಇಷ್ಟಪಡುವವರಿಗೂ ಇದೇ ದಾರಿ. ಹಳೇ ಪತ್ತೇದಾರಿಗಳನ್ನು ಮತ್ತೆ ಮುದ್ರಿಸುವ ಬ್ರಿಟಿಷ್ ಲೈಬ್ರರಿಯ ಕ್ರೈಂ ಕ್ಲಾಸಿಕ್ಸ್ ಮಾಲೆಗೆ ಮಾರ್ಟಿನ್ ಎಡ್ವರ್ಡ್ಸ್ ಬರೆಯುವ ಮುನ್ನುಡಿಗಳಲ್ಲಿ ಆ ಲೇಖಕರ ಜೊತೆಗೆ ಅದೇ ಕಾಲದ ಇನ್ನೊಂದಿಬ್ಬರ ಹೆಸರು ಬಂದೇ ಬರುತ್ತದೆ, ಒಂದು ಎಳೆ ಎಳೆದರೆ ನಾಲ್ಕು ಬರುತ್ತವೆ. ಜಪಾನಿನ ಸೇಶಿ ಯೊಕೊಮಿಝೊ ಸಿಕ್ಕಿದ್ದು ಪುಷ್ಕಿನ್ ವರ್ಟಿಗೊ ಅನ್ನುವ ಇನ್ನೊಂದು ಮಾಲೆಯಲ್ಲಿ. ನಾನು ಓದಿದ ಅವರ ಕಾದಂಬರಿ 1946ರಲ್ಲಿ ಬರೆದಿದ್ದು, ಇಂಗ್ಲಿಷಿಗೆ 2019ರಲ್ಲಿ ಬಂತು. ಮದುವೆಯ ರಾತ್ರಿ ಹೊಸ ಜೋಡಿಯ ಕೊಲೆ, ಹೊರಗೆ ಹಿಮ, ಹೆಜ್ಜೆ ಗುರುತಿಲ್ಲ. ಒಂದೇ ಎಚ್ಚರಿಕೆ, ಮುನ್ನುಡಿಯನ್ನು ಪುಸ್ತಕ ಮುಗಿದ ಮೇಲೆ ಓದಿ. ಬೇರೆ ಮಾಲೆಗಳಲ್ಲಿ ಕೆಲವರು ಕೊಲೆಗಾರನ ಹೆಸರನ್ನೇ ಬಾಯಿಬಿಟ್ಟಿರುತ್ತಾರೆ.

ಸಣ್ಣಕಥೆಯ ಪತ್ರಿಕೆಗಳನ್ನೂ ಪ್ರಯತ್ನಿಸಿದೆ. 'ಎಲರಿ ಕ್ವೀನ್ಸ್ ಮಿಸ್ಟರಿ ಮ್ಯಾಗಜೀನ್' 1941ರಿಂದ ಬರುತ್ತಿದೆ, ಮೊದಲ ಬಾರಿಗೆ ಕಥೆ ಪ್ರಕಟಿಸುವವರಿಗೆ ಅದರಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಅರ್ಜೆಂಟೀನಾದ ಹೆಸರಾಂತ ಲೇಖಕ ಬೋರ್ಹೆಸ್ ಅವರ ಕಥೆ ಮೊದಲು ಇಂಗ್ಲಿಷಿಗೆ ಬಂದಿದ್ದೂ 1948ರಲ್ಲಿ ಇದೇ ಪತ್ರಿಕೆಯಲ್ಲಿ. ಅರ್ಧ ಗಂಟೆಯಲ್ಲಿ ಒಬ್ಬರ ಕೈ ಹೇಗಿದೆ ಅಂತ ಗೊತ್ತಾಗುತ್ತದೆ. ತೊಂದರೆ ಏನೆಂದರೆ ಹದಿನೈದು ಪುಟದಲ್ಲಿ ಒಂದು ಒಳ್ಳೇ ತಿರುವು ಕೊಡುವವರು 350 ಪುಟ ಎಳೆಯಲಾರದೆ ಸೋಲುವುದೂ ಉಂಟು. ನನಗೆ ಇಲ್ಲಿಂದ ಸಿಕ್ಕ ಲೇಖಕರು ಕಡಿಮೆ, ಒಳ್ಳೇ ಕಥೆಗಳು ಮಾತ್ರ ತುಂಬ.

ಗೆಳೆಯರ ಮಾತು ಬಿಟ್ಟರೆ ತಪ್ಪಾಗುತ್ತದೆ. ನಿಮ್ಮ ರುಚಿಯೇ ಇರುವವರು ಹೇಳುವ ಪುಸ್ತಕವನ್ನು ನೀವು ಹೇಗಿದ್ದರೂ ಮುಂದೊಂದು ದಿನ ಕಂಡುಕೊಳ್ಳುತ್ತೀರಿ. ಉಪಯೋಗಕ್ಕೆ ಬರುವವರು ನಿಮಗೆ ಉಲ್ಟಾ ರುಚಿಯವರು, ಆದರೆ ಪ್ರತಿ ಸಲವೂ ಒಂದೇ ರೀತಿ ಉಲ್ಟಾ ಇರಬೇಕು. ನನ್ನ ಗೆಳೆಯನೊಬ್ಬ ಇದ್ದಾನೆ, ನಿಧಾನದ ಪುಸ್ತಕ ಕಂಡರೆ ಅವನಿಗೆ ಆಗುವುದಿಲ್ಲ. 'ಥೂ, ಇದೂ ಒಂದು ಪುಸ್ತಕವಾ ಮಾರಾಯ' ಅಂತ ಅವನು ಅರ್ಧಕ್ಕೆ ಬಿಟ್ಟಿದ್ದನ್ನು ನಾನು ತಕ್ಷಣ ಇಸಿದುಕೊಂಡು ಬರುತ್ತೇನೆ. ಬಹುತೇಕ ಸಲ ನನಗೆ ಹಬ್ಬ.

ಹೆಸರು ಯಾವ ದಾರಿಯಿಂದ ಬಂದರೂ ಕೊಳ್ಳುವ ಮೊದಲು ಉಚಿತ ಸ್ಯಾಂಪಲ್ ಓದುತ್ತೇನೆ. ಮೊದಲ ಪುಟದ ಕೊಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದನ್ನು ಎಲ್ಲರೂ ಉಜ್ಜಿ ಉಜ್ಜಿ ಚೆನ್ನಾಗಿ ಬರೆದಿರುತ್ತಾರೆ. ತನಿಖೆಯವರು ಮೊದಲ ಸಾಕ್ಷಿಯ ಮುಂದೆ ಕೂತಾಗ ಏನಾಗುತ್ತದೆ ಅಂತ ನೋಡುತ್ತೇನೆ. ಸಾಕ್ಷಿ ತನಗೆ ಗೊತ್ತಿರುವುದನ್ನೆಲ್ಲ ವರದಿ ಒಪ್ಪಿಸಿದ ಹಾಗೆ ಗಡಗಡ ಹೇಳಿಬಿಟ್ಟರೆ ಪುಸ್ತಕ ಅಲ್ಲಿಗೇ ಮುಚ್ಚಿದೆ. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು, ಮಧ್ಯೆ ಏನೋ ಮುಚ್ಚಿಟ್ಟಿದ್ದಾರೆ ಅಂತ ನಮಗೂ ಅನುಮಾನ ಬಂದರೆ ಲೇಖಕರಿಗೆ ಕೆಲಸ ಗೊತ್ತಿದೆ ಅಂತ ಅರ್ಥ.

ಕೊನೆಗೆ ಅನುವಾದಗಳ ಕ್ರಮ. ಸಿಕ್ಕ ಪುಸ್ತಕದಿಂದ ಶುರು ಮಾಡುವ ಮೊದಲು ಮೂಲ ಭಾಷೆಯಲ್ಲಿ ಅದು ಎಷ್ಟನೆಯದು ಅಂತ ನೋಡಿ. ನೆಸ್ಬೊ ಸರಣಿಯಲ್ಲಿ ಇಂಗ್ಲಿಷಿಗೆ ಮೊದಲು ಬಂದಿದ್ದು ಐದನೆಯ ಪುಸ್ತಕ, 2005ರಲ್ಲಿ. ಆಮೇಲೆ ಮೂರನೆಯದು, ಆಮೇಲೆ ನಾಲ್ಕನೆಯದು. ಮೂರರಲ್ಲೂ ಪೊಲೀಸ್ ಒಬ್ಬರ ಕೊಲೆಯ ಒಂದೇ ಎಳೆ ಓಡುತ್ತದೆ, ಅದು ಬಗೆಹರಿಯುವುದು ಐದನೆಯದರಲ್ಲಿ. ಅಂದರೆ ಬಂದ ಹಾಗೇ ಓದಿದವರಿಗೆ ಉತ್ತರ ಮೊದಲು, ಪ್ರಶ್ನೆ ಆಮೇಲೆ. ಈಗ ಶುರು ಮಾಡುವವರು 'ದ ರೆಡ್‌ಬ್ರೆಸ್ಟ್' ಹಿಡಿದು, ಅಲ್ಲಿಂದ 'ನೆಮಿಸಿಸ್', ಆಮೇಲೆ 'ದ ಡೆವಿಲ್ಸ್ ಸ್ಟಾರ್' ಓದಿ. ಮೊದಲೆರಡು ಪುಸ್ತಕಗಳಿಗೆ ಯಾವಾಗ ಬೇಕಾದರೂ ವಾಪಸ್ ಬರಬಹುದು.