ಕಾಮಶೇತ್‌ನಾಗ ಗ್ಲೈಡರ್ ಲೈನ್ ಚೆಕಿಂಗ್: ಕೆಲಸ ಛಲೋ, ಫೋನ್ ಮಾತ್ರ ಎತ್ತಂಗಿಲ್ಲ

ಕಲಬುರಗಿದಾಗ ಪ್ಯಾರಾಗ್ಲೈಡರ್ ಚೆಕ್ ಮಾಡೋರು ನನಗಂತೂ ಸಿಗ್ಲಿಲ್ಲ, ಹಂಗಾಗಿ ಪುಣೆ ತನಕ ರೈಲು, ಅಲ್ಲಿಂದ ಲೋಣಾವಳ ಲೋಕಲ್ ಹಿಡ್ದು ಕಾಮಶೇತ್‌ನ ಒಂದು ವರ್ಕ್‌ಶಾಪಿಗೆ ಒಯ್ದೆ. ಸ್ವಲ್ಪ ಬೈಯೋದೂ ಅದ, ಅದಕ್ಕ ಹೆಸರು ಹಾಕಿಲ್ಲ.

ನಿಂತು ನೋಡ್ತೀನಿ ಅಂದ್ರ ಬ್ಯಾಡ ಅನ್ಲಿಲ್ಲ, ಇದೇ ನನಗ ಭಾಳ ಸೇರ್ತು. ಒಬ್ಬ ಹುಡುಗ ಒಂದೊಂದೇ ಲೈನ್‌ಗೆ (ರೆಕ್ಕಿಯಿಂದ ಹಾರೋನ ತನಕ ಇರೋ ಸಣ್ಣ ಹಗ್ಗಕ್ಕ) 5 ಕೆಜಿ ಜಗ್ಗು ಕೊಟ್ಟು ಲೇಸರ್‌ಲೆ ಅಳತಿ ತಗೋತಾನ, ಕಂಪನಿ ಕೊಟ್ಟ ಅಳತಿ ಜೋಡಿ ಕಂಪ್ಯೂಟರ್‌ನಾಗ ಹೋಲಿಸ್ತಾನ, 10 ಮಿಲಿಮೀಟರ್‌ಗಿಂತ ಜಾಸ್ತಿ ಫರಕ್ ಬಂದಿದ್ದು ಕೆಂಪು ಆಗ್ತದ. ಲೈನ್ ಸಾಲಿಗೆ ಮುಂದಿಂದ ಹಿಂದಕ್ಕ ಎ, ಬಿ, ಸಿ ಅಂತಾರ, ನಂದ್ರಾಗ ಹಿಂದಿನ ಸಿ ಲೈನ್ ಸುಮಾರು ಕೆಂಪು. ಡೈನೀಮಾ ಅನ್ನೋ ಗಟ್ಟಿ ನೂಲಿನ ಲೈನ್ ಮ್ಯಾಲ ಭಾರ ಕಮ್ಮಿ ಬಿದ್ರ ಅದು ಬರಬರ್ತ ಕುಗ್ತದ, ಮುಂದಿನ ಎ ಲೈನ್ ಮ್ಯಾಲ ಭಾರ ಜಾಸ್ತಿ ಇರ್ತದಲ್ಲ, ಅದು ಅಷ್ಟು ಕುಗ್ಗಂಗಿಲ್ಲ, ಹಿಂಗಾಗಿ ರೆಕ್ಕಿ ಹಿಂದಕ್ಕ ಜಗ್ಗಿದಂಗ ಆಗಿ ಟೇಕಾಫ್‌ನಾಗ ತಲಿ ಮ್ಯಾಲ ಬರ್ಲಿಕ್ಕ ಸತಾಯಿಸ್ತದ, ಸ್ಪೀಡ್ ಬೀಳ್ತದ, ಸ್ಟಾಲ್ (ರೆಕ್ಕಿ ಎತ್ತಿ ಹಿಡಿಯೋ ಶಕ್ತಿ ಕಳ್ಕೊಳ್ಳೋದು) ಹತ್ರ ಬರ್ತದ. ಇದು ಕಣ್ಣಿಗೆ ಕಾಣೋದಲ್ಲ ಬಿಡ್ರಿ. ಅವ ಕೆಳಗ ಲೈನ್ ಸಿಗಿಸೋ ಮೇಲಾನ್ ಅನ್ನೋ ಲೋಹದ ಕೊಂಡಿದಾಗ ಲೈನ್ ಸುತ್ತು ಬದಲಿ ಮಾಡಿ ಮತ್ತ ಅಳದ, ಹಸಿರಾತು.

ಆಮ್ಯಾಲ ಎ ಸಾಲಿಂದು ಕೆಳಗಿನ ದಪ್ಪ ಲೈನ್ ಒಂದು ಬಿಚ್ಚಿ ಮಷೀನ್‌ಗೆ ಹಾಕಿ ಹರಿಯೋ ತನಕ ಜಗ್ಗಿದ್ರು. ಫಟ್ ಅಂತು ನೋಡ್ರಿ, ಎದಿ ಝಲ್ ಅಂತು. ಎಷ್ಟಕ್ಕ ಹರೀತು ಅಂತ ಬರ್ಕೊಂಡು ಹೊಸಾದು ಹಾಕಿದ್ರು. ಛಲೋ ಇರೋ ಲೈನ್ ಹರೀಲಿಕ್ಕ ನಾನೇ ರೊಕ್ಕ ಕೊಟ್ಟಂಗಾತು, ಆದ್ರ ಉಳಿದವು ಎಷ್ಟು ತಡೀತಾವ ಅಂತ ತಿಳೀಲಿಕ್ಕ ಬ್ಯಾರೆ ದಾರಿ ಇಲ್ಲ.

ಕೈಲೆ ಮುಟ್ಟಿ ನೋಡೋದು ಭಾಳ ನಿಧಾನಕ್ಕ ಮಾಡ್ತಾರ. ಮ್ಯಾಲಿನ ಕವರ್ ಸರಿ ಇದ್ರೂ ಒಳಗಿನ ಎಳಿ ಹೋಗಿರಬಹುದು, ಬೆರಳಿನ ನಡುವ ಹಿಡ್ದು ಸರಿಸಿದ್ರ ಅಲ್ಲಿ ತೆಳ್ಳಗ ಸಿಗ್ತದ. ನಾವು ರೆಕ್ಕಿ ಎಬ್ಬಿಸೋ ಪ್ರಾಕ್ಟೀಸ್ ಮಾಡೋದು ತೊಗರಿ ಕೊಯ್ದ ಹೊಲದಾಗ, ಆ ಕೂಳಿಗೆ ಸಿಕ್ಕು ಲೈನ್ ತರಚೋದು ನಮ್ಮ ಕಡಿ ಮಾಮೂಲಿ, ಅದಕ್ಕ ಎಲ್ಲಿ ನೋಡ್ಬೇಕಂತ ಮೊದ್ಲೇ ಹೇಳಿದ್ದೆ. ಬ್ರೇಕ್ ಲೈನ್ ಪುಲ್ಲಿ ಹತ್ರ ಸವದಿತ್ತು, ಬದಲಿ ಮಾಡಿದ್ರು. ಬಟ್ಟಿದಾಗಿಂದ ಗಾಳಿ ಸೋರೋ ಟೆಸ್ಟೂ ಆತು, ಪಾಸ್.

ಕಡೀಕ ಎಲ್ಲಾ ಅಂಕಿ ಇರೋ ಶೀಟ್ ಕೈಗೆ ಕೊಟ್ರು. ಹಿಂದ ಬ್ಯಾರೆ ಒಂದು ಕಡಿ ಕೊಟ್ಟಾಗ ಬರೀ ಸಿಕ್ಕಾ ಹೊಡ್ದು ಕಳ್ಸಿದ್ರು, ಅಂಥಾದ್ದಕ್ಕ ಒಂದು ರೂಪಾಯಿನೂ ಕೊಡಬಾರ್ದು.

ಬೈಯೋದೇನಂದ್ರ, ಫೋನ್ ಎತ್ತಂಗಿಲ್ಲ, ಮೆಸೇಜ್ ನೋಡಿ ಸುಮ್ನ ಕೂಡ್ತಾರ, ಹೇಳಿದ ದಿನಕ್ಕ ಕೊಡಂಗಿಲ್ಲ. ಬಿಲ್‌ನಾಗ ಹೊಸ ಲೈನ್ ರೊಕ್ಕ ಬ್ಯಾರೆ, ಮೊದ್ಲೇ ಕೇಳ್ಕೋರಿ. ಐದಕ್ಕ ನಾಲ್ಕು ಸ್ಟಾರ್. ಕೊಡೋದಿದ್ರ ಮಳಿಗಾಲದಾಗ ಕೊಡ್ರಿ, ಆವಾಗ ಅಲ್ಲಿ ಹಾರೋದು ಬಂದ್ ಇರ್ತದ, ಡಿಸೆಂಬರ್‌ನಾಗ ಕೊಟ್ರ ನಿಮ್ಮ ಸೀಸನ್ ಅವ್ರ ಕಪಾಟಿನಾಗೇ ಹೋಗ್ತದ.