ಆಂಡ್ರಾಯ್ಡ್ ಬಿಟ್ಟು ಐಫೋನ್ 15: ಎರಡು ವರ್ಷವಾದರೂ ಮರೆಯದ ಮೊದಲ ನಾಲ್ಕು ದಿನ

ಕ್ಯಾಮೆರಾ, ಚಿಪ್, ಪರದೆ ಬಗ್ಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಸಿಗುತ್ತದೆ, ಇಲ್ಲಿ ಬೇಡ. ಆಂಡ್ರಾಯ್ಡ್ ಬಿಡುವವರ ಕಾರಣಗಳೂ ಹಳೆಯವೇ. ಅಗ್ಗದ ಫೋನಿಗೆ ಎರಡು ಮೂರು ವರ್ಷಕ್ಕೆ ಅಪ್‌ಡೇಟ್ ನಿಂತಿರುತ್ತದೆ, ಲಾಕ್ ಸ್ಕ್ರೀನಿನಲ್ಲೂ ಜಾಹೀರಾತು ಬರುತ್ತದೆ, ಅಂಗಡಿಯವರು ಬಡ್ಡಿಯಿಲ್ಲದ ಇಎಂಐ ಕೊಡುತ್ತಾರೆ. ಐಫೋನಿನಲ್ಲಿ ಐಫೋನಿನವರ ಮೆಸೇಜು ನೀಲಿ ಗುಳ್ಳೆ, ಆಂಡ್ರಾಯ್ಡ್‌ನವರದು ಹಸಿರು ಗುಳ್ಳೆ; ಅಮೆರಿಕದಲ್ಲಿ ಈ ಬಣ್ಣಕ್ಕೂ ಫೋನ್ ಬದಲಾಯಿಸುತ್ತಾರೆ. ನಮ್ಮಲ್ಲಿ ಎಲ್ಲರೂ ವಾಟ್ಸಾಪ್‌ನಲ್ಲೇ ಬಿದ್ದಿರುವುದರಿಂದ ಆ ಜಗಳವಿಲ್ಲ.

ಆದರೆ ಪೆಟ್ಟಿಗೆ ಬಿಚ್ಚಿದ ಮೊದಲ ನಾಲ್ಕು ದಿನ ಬೈದುಕೊಳ್ಳುವುದು ಯುಪಿಐಗೆ. ಅದಕ್ಕೆ ಕಾರಣ ಫೋನಲ್ಲ, ಸಿಮ್.

ನಮ್ಮ ದೇಶದಲ್ಲಿ ಮಾರುವ ಐಫೋನ್ 15ರಲ್ಲಿ ಸಿಮ್ ತಟ್ಟೆ ಒಂದೇ. ಎರಡನೇ ನಂಬರ್ ಇ-ಸಿಮ್ ಆಗಬೇಕು, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಕೂರುವ ಸಿಮ್. ಎರಡು ಸಿಮ್ ಇಟ್ಟುಕೊಂಡವರು ಸಾಮಾನ್ಯವಾಗಿ ಯಾವುದೋ ಒಂದನ್ನು ಯೋಚಿಸದೆ ಇ-ಸಿಮ್ ಮಾಡಿಸಿಬಿಡುತ್ತಾರೆ. ಅದು ಬ್ಯಾಂಕಿಗೆ ಕೊಟ್ಟ ನಂಬರಾಗಿದ್ದರೆ ಕೆಲಸ ಕೆಟ್ಟಿತು. ಸಿಮ್ ಬದಲಾದ ಮೇಲೆ 24 ಗಂಟೆ ಆ ನಂಬರಿಗೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಕದ್ದ ನಂಬರಿನಿಂದ ಹಣ ಎತ್ತದಿರಲಿ ಅಂತ ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಇದು. ಎಸ್‌ಎಂಎಸ್ ಇಲ್ಲದೆ ಯುಪಿಐ ನೋಂದಣಿ ಆಗದು, ಒಟಿಪಿ ಬಾರದು. ಆ 24 ಗಂಟೆ ಮುಗಿದು ನೋಂದಣಿ ಆದರೂ ಹೊಸ ಫೋನಿಗೆ ₹5,000ದ ಮಿತಿ ಇರುತ್ತದೆ. ಹಲವು ಬ್ಯಾಂಕುಗಳಲ್ಲಿ ಈ ಮಿತಿ ಆಂಡ್ರಾಯ್ಡ್‌ಗೆ 24 ಗಂಟೆ, ಐಫೋನ್‌ಗೆ 72 ಗಂಟೆ. 24ಕ್ಕೆ 72 ಕೂಡಿಸಿ, ನಾಲ್ಕು ದಿನ. ಬಾಡಿಗೆ ಕಟ್ಟುವ ವಾರದಲ್ಲಿ ಫೋನ್ ಬದಲಾಯಿಸಿದರೆ ಈ ಲೆಕ್ಕ ಚೆನ್ನಾಗಿ ನೆನಪಿರುತ್ತದೆ.

ಉಪಾಯ ಸುಲಭ. ಬ್ಯಾಂಕಿನ ನಂಬರನ್ನು ಪ್ಲಾಸ್ಟಿಕ್ ಸಿಮ್ಮಿನಲ್ಲೇ ಉಳಿಸಿ, ಹಳೆ ಫೋನಿಂದ ತೆಗೆದು ಹೊಸದಕ್ಕೆ ಹಾಕಿ. ಕಾರ್ಡ್ ಅದೇ ಆದ್ದರಿಂದ ಎಸ್‌ಎಂಎಸ್ ತಡೆ ಬೀಳುವುದಿಲ್ಲ. ಇನ್ನೊಂದು ನಂಬರನ್ನು ಮಾತ್ರ ಇ-ಸಿಮ್ ಮಾಡಿಸಿ, ಆ ಕಂಪನಿ ನಿಮ್ಮ ಊರಿನಲ್ಲಿ ಇ-ಸಿಮ್ ಕೊಡುತ್ತದೋ ಇಲ್ಲವೋ ಫೋನ್ ಕೊಳ್ಳುವ ಮೊದಲೇ ವಿಚಾರಿಸಿ. ಆಗಲೂ 72 ಗಂಟೆಯ ಮಿತಿ ಉಳಿದೇ ಇರುತ್ತದೆ, ದೊಡ್ಡ ಪಾವತಿಗಳನ್ನು ಹಳೆ ಫೋನಿನಲ್ಲೇ ಮುಗಿಸಿಬಿಡಿ.

ನೋಂದಣಿಯ ಗಳಿಗೆಯಲ್ಲೂ ಒಂದು ವ್ಯತ್ಯಾಸವಿದೆ. ಆಂಡ್ರಾಯ್ಡ್‌ನಲ್ಲಿ ಯುಪಿಐ ಆಪ್ ತಾನೇ ಎಸ್‌ಎಂಎಸ್ ಕಳಿಸಿಕೊಳ್ಳುತ್ತದೆ, ಚಕ್ರ ತಿರುಗುವುದಷ್ಟೇ ನಮಗೆ ಕಾಣುತ್ತದೆ. ಐಫೋನಿನ ತಂತ್ರಾಂಶವಾದ ಐಒಎಸ್, ಆಪ್‌ಗಳಿಗೆ ಆ ಅಧಿಕಾರ ಕೊಡುವುದಿಲ್ಲ. ಮೆಸೇಜಿನ ಕಿಟಕಿ ತೆರೆದು, ಅರ್ಥವಿಲ್ಲದ ಅಕ್ಷರಗಳ ಒಂದು ಸಾಲು ತುಂಬಿ ನಿಲ್ಲುತ್ತದೆ. ಅದನ್ನು ಸ್ಪ್ಯಾಮ್ ಅಂದುಕೊಂಡು ಅಳಿಸುವವರೂ ಇದ್ದಾರೆ. ಒಂದಕ್ಷರವನ್ನೂ ಮುಟ್ಟದೆ ಬಾಣದ ಗುರುತು ಒತ್ತಬೇಕು, ತಡ ಮಾಡದೆ ಆಪ್‌ಗೆ ಮರಳಬೇಕು. ಎರಡು ನಂಬರ್ ಇದ್ದರೆ ಮೊದಲೇ ಬ್ಯಾಂಕಿನ ನಂಬರನ್ನು ಡೀಫಾಲ್ಟ್ ವಾಯ್ಸ್ ಲೈನ್ ಮಾಡಿಡಿ, ಇಲ್ಲದಿದ್ದರೆ ಸಂದೇಶ ಬೇರೆ ಸಿಮ್ಮಿನಿಂದ ಹೋಗಿ ನೋಂದಣಿ ಕೆಡುತ್ತದೆ. ಪ್ರೀಪೇಯ್ಡ್‌ನವರು ಬರೀ ಡೇಟಾ ರೀಚಾರ್ಜ್ ಮಾಡಿಸಿದ್ದರೆ ಎಸ್‌ಎಂಎಸ್ ಇದೆಯೇ ನೋಡಿಕೊಳ್ಳಿ.

ಇನ್ನು ವಾಟ್ಸಾಪ್. ಗೂಗಲ್ ಡ್ರೈವ್‌ನ ಬ್ಯಾಕಪ್ ಐಫೋನ್‌ಗೆ ಬರುವುದಿಲ್ಲ. 2022ರಿಂದ ಇರುವ ದಾರಿ, ಹಳೆ ಫೋನಿಗೆ ಹಾಕಿಕೊಳ್ಳುವ ಆಪಲ್‌ನ ಮೂವ್ ಟು ಐಒಎಸ್ ಆಪ್. ಹೊಸ ಫೋನನ್ನು ಮೊದಲ ಸಲ ಸೆಟಪ್ ಮಾಡುವಾಗ ಈ ಆಯ್ಕೆ ಎದುರಿಗೆ ಬರುತ್ತದೆ. ಆತುರದಲ್ಲಿ ದಾಟಿಬಿಟ್ಟವರು ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಜನರಲ್‌ನ ಕೊನೆಯಲ್ಲಿರುವ ರೀಸೆಟ್‌ಗೆ ಹೋಗಿ ಎಲ್ಲ ಅಳಿಸಿ ಮೊದಲಿಂದ ಶುರು ಮಾಡುವುದು ಒಳ್ಳೆಯದು. ಹಿಂದಿನ ದಿನವೇ ಶುಭೋದಯದ ಚಿತ್ರ, ಫಾರ್ವರ್ಡ್ ವಿಡಿಯೋಗಳನ್ನು ಗುಡಿಸಿ ಹಾಕಿ. 40–50 ಜಿಬಿ ಸಾಗಿಸುವುದು ಗಂಟೆಗಟ್ಟಲೆ ಕೆಲಸ. ಎರಡೂ ಫೋನ್ ಚಾರ್ಜಿಗೆ ಹಾಕಿ. ಐಫೋನ್ ತೋರಿಸುವ ಕೋಡನ್ನು ಆಂಡ್ರಾಯ್ಡ್‌ನಲ್ಲಿ ಹಾಕಿದಾಗ ಎರಡರ ನಡುವೆ ತಾತ್ಕಾಲಿಕ ವೈಫೈ ಏಳುತ್ತದೆ. ಆ ವೈಫೈಗೆ ಇಂಟರ್‌ನೆಟ್ ಇರುವುದಿಲ್ಲ, ಅದಕ್ಕೇ ಆಂಡ್ರಾಯ್ಡ್ "ಇದು ಕೆಟ್ಟ ಸಂಪರ್ಕ" ಅಂತ ತೀರ್ಮಾನಿಸಿ ಮೊಬೈಲ್ ಡೇಟಾಗೆ ಜಿಗಿಯುತ್ತದೆ, ವರ್ಗಾವಣೆ ಅರ್ಧಕ್ಕೆ ನಿಲ್ಲುತ್ತದೆ. ಮೊಬೈಲ್ ಡೇಟಾವನ್ನೂ ನೆಟ್‌ವರ್ಕ್ ತಾನೇ ಬದಲಾಯಿಸುವ ಸೆಟ್ಟಿಂಗನ್ನೂ ಮೊದಲೇ ಆರಿಸಿ. ಆಪ್ ಪರದೆಯ ಮೇಲೇ ಇರಲಿ, ನಡುವೆ ಕರೆ ಬಂದರೂ ಕೆಡಬಹುದು. ಆಂಡ್ರಾಯ್ಡ್ "ಮುಗಿಯಿತು" ಅಂದರೂ ನಂಬಬೇಡಿ, ಐಫೋನಿನ ಪಟ್ಟಿ ತುಂಬುವವರೆಗೆ ಕಾಯಿರಿ. ಆಮೇಲೆ ಅದೇ ನಂಬರಿನಿಂದ ವಾಟ್ಸಾಪ್ ತೆರೆದರೆ ಹರಟೆ ಎಲ್ಲ ಬಂದಿರುತ್ತದೆ, ವಾಟ್ಸಾಪ್ ಕರೆಗಳ ಪಟ್ಟಿ ಮಾತ್ರ ಇರುವುದಿಲ್ಲ. ಪಿಡಿಎಫ್, ಹಾಡುಗಳನ್ನು ಕೈಯಾರೆ ಸಾಗಿಸಬೇಕು.

ನಾಲ್ಕು ದಿನದ ಮೇಲೂ ಹೋಗದ ಕಿರಿಕಿರಿ ಕನ್ನಡ ಬರೆಯುವುದರದ್ದು. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಕೀಲಿಮಣೆಯಾದ ಜಿಬೋರ್ಡ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದರೆ "ಹೇಗಿದ್ದೀರಾ" ಅಂತ ಮೂಡುವ ರೂಢಿ ಬೆರಳಿಗೆ ಅಂಟಿರುತ್ತದೆ. ಐಫೋನಿನ ಅಕ್ಷರಮಾಲೆಯ ಕೀಲಿಮಣೆಯಲ್ಲಿ "ಸ್ತ್ರೀ" ಎಂಬ ಒಂದಕ್ಷರಕ್ಕೆ ಸ, ಹಲಂತ, ತ, ಹಲಂತ, ರ, ದೀರ್ಘ ಅಂತ ಜೋಡಿಸಬೇಕು. ಅಭ್ಯಾಸವಾದ ಮೇಲೆ ತಪ್ಪು ಕಡಿಮೆ, ವೇಗವೂ ಕಡಿಮೆ. ಜಿಬೋರ್ಡ್ ಐಫೋನ್‌ಗೂ ಇದೆ, ಆದರೆ ಅಲ್ಲಿ ಅದು ಬಾಡಿಗೆದಾರ. ಪಾಸ್‌ವರ್ಡ್ ಬರೆಯುವ ಜಾಗ ಬಂದರೆ ಮನೆ ಒಡೆಯನ ಕೀಲಿಮಣೆಯೇ ಮೇಲೇಳುತ್ತದೆ, ಮೈಕ್ ಒತ್ತಿದರೆ ಜಿಬೋರ್ಡ್ ಆಪ್‌ಗೆ ಹಾರಿ ಹಿಂದಿರುಗಬೇಕು. ಫೋನಿನ ಇಡೀ ಭಾಷೆಯನ್ನೇ ಕನ್ನಡ ಮಾಡಿಕೊಳ್ಳುವ ಸೌಕರ್ಯ ಆಂಡ್ರಾಯ್ಡ್‌ಗೆ 2014ರ ಲಾಲಿಪಾಪ್‌ನಲ್ಲೇ ಬಂದಿತ್ತು, ಐಫೋನ್‌ಗೆ ಬಂದಿದ್ದು 2025ರ ಐಒಎಸ್ 18.4ರಲ್ಲಿ. ಹತ್ತು ವರ್ಷ! ಬಂತಲ್ಲ, ಇರಲಿ.

ಹಿಂದಕ್ಕೆ ಹೋಗಲು ಹಲವು ಆಪ್‌ಗಳಲ್ಲಿ ಎಡ ಅಂಚಿನಿಂದ ಎಳೆಯಬೇಕು, ಬಲಗೈ ಹೆಬ್ಬೆರಳಿಗೆ ಅದು ದೂರ. ಕರೆ ರೆಕಾರ್ಡಿಂಗ್ ಐಒಎಸ್ 18.1ರಿಂದ ಇದೆ, ರೆಕಾರ್ಡ್ ಆಗುತ್ತಿದೆ ಎಂದು ಇಬ್ಬರಿಗೂ ಕೇಳುವಂತೆ ಸಾರುತ್ತದೆ. ಅಲಾರಂ ಮುಂದೂಡಿದರೆ ಒಂಬತ್ತೇ ನಿಮಿಷ. ಐಒಎಸ್ 26ರಲ್ಲಿ ಕೊನೆಗೂ ಬದಲಾಯಿಸಬಹುದಾಯಿತು.

ಇಷ್ಟು ಬೈದರೂ ವಾಪಸ್ ಹೋಗುವ ಮನಸ್ಸಾಗದಿರುವುದಕ್ಕೆ ಎರಡು ಸಣ್ಣ ಕಾರಣಗಳಿವೆ. ಒಂದು, ಎಡಬದಿಯ ಮೌನದ ಗುಂಡಿ. ದೇವಸ್ಥಾನದ ಮೆಟ್ಟಿಲಲ್ಲೋ ಮೀಟಿಂಗ್ ಬಾಗಿಲಲ್ಲೋ ಜೇಬಿಗೆ ಕೈ ಹಾಕಿ ಉಗುರಿನಿಂದ ಸರಿಸಿದರೆ ಸಾಕು, ಕಿತ್ತಳೆ ಪಟ್ಟಿ ಕಾಣುತ್ತದೆ, ಫೋನ್ ಸುಮ್ಮನಾಗುತ್ತದೆ. ಬೆಳಿಗ್ಗೆಯ ಅಲಾರಂ ಮಾತ್ರ ಆಗಲೂ ಹೊಡೆಯುತ್ತದೆ. ಐಫೋನ್ 16ರಲ್ಲಿ ಈ ಗುಂಡಿ ಹೋಗಿ ಆ್ಯಕ್ಷನ್ ಬಟನ್ ಬಂದಿದೆ, ನನಗೆ ಹಳೆಯದೇ ವಾಸಿ. ಇನ್ನೊಂದು ಒಟಿಪಿ. ಬಂದ ಅಂಕೆ ಕೀಲಿಮಣೆಯ ಮೇಲೆಯೇ ಕಾಣುತ್ತದೆ, ಮುಟ್ಟಿದರೆ ತುಂಬುತ್ತದೆ. ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ಆಟೋಫಿಲ್ ಮತ್ತು ಪಾಸ್‌ವರ್ಡ್ಸ್‌ಗೆ ಹೋಗಿ "ಡಿಲೀಟ್ ಆಫ್ಟರ್ ಯೂಸ್" ಹಾಕಿಟ್ಟರೆ ಹಾಗೆ ಬಳಸಿದ ಒಟಿಪಿ ಸಂದೇಶ ತಾನೇ ಅಳಿಯುತ್ತದೆ. ದಿನಕ್ಕೆ ಐದಾರು ಒಟಿಪಿ ಬರುವ ಊರಿನಲ್ಲಿ ಇದು ಮನೆಗೆಲಸದವರಷ್ಟೇ ಉಪಕಾರಿ.

ಖರ್ಚು ಫೋನಿನ ಬೆಲೆಗೇ ಮುಗಿಯುವುದಿಲ್ಲ. ಚಾರ್ಜರ್ ಪೆಟ್ಟಿಗೆಯಲ್ಲಿಲ್ಲ, ಕೇಬಲ್ ಟೈಪ್-ಸಿ ಆದ್ದರಿಂದ ಹಳೆಯದು ನಡೆಯುತ್ತದೆ. ಆಪಲ್‌ನ ಆನ್‌ಲೈನ್ ಉಗ್ರಾಣವಾದ ಐಕ್ಲೌಡ್‌ನಲ್ಲಿ ಉಚಿತ 5 ಜಿಬಿ, ಗೂಗಲ್‌ನ 15ರ ಮುಂದೆ ಅದು ಏನೂ ಅಲ್ಲ. 50 ಜಿಬಿಗೆ ತಿಂಗಳಿಗೆ ₹75. ಫೋಟೋಗಳನ್ನು ಗೂಗಲ್ ಫೋಟೋಸ್‌ನಲ್ಲೇ ಬಿಟ್ಟರೆ ಈ ₹75 ಉಳಿಸಿಕೊಳ್ಳಬಹುದು.

ಎಕ್ಸ್‌ಚೇಂಜ್‌ನ ಆಸೆಗೆ ಆನ್‌ಲೈನ್‌ನಲ್ಲಿ ತರಿಸುವವರು ಒಂದು ನೆನಪಿಡಿ. ಡೆಲಿವರಿಯವನು ಹೊಸ ಫೋನ್ ಕೈಗಿಟ್ಟು ಹಳೆಯದನ್ನು ಬಾಗಿಲಲ್ಲೇ ತೆಗೆದುಕೊಂಡು ಹೋಗುತ್ತಾನೆ. ವಾಟ್ಸಾಪ್ ಸಾಗಿಸಲು ಎರಡೂ ಫೋನ್ ಎದುರುಬದುರು ಇರಬೇಕು, ಲಾಗಿನ್‌ಗೆ ಕೋಡ್ ಕೊಡುವ ಅಥೆಂಟಿಕೇಟರ್ ಆಪ್‌ನ ಕೋಡ್‌ಗಳು ಹಳೆಯದರಲ್ಲೇ ಇರುತ್ತವೆ, ಯುಪಿಐ ಮಿತಿ ಮೂರು ದಿನ ಇರುತ್ತದೆ. ಸಾಧ್ಯವಿದ್ದರೆ ಎಕ್ಸ್‌ಚೇಂಜ್ ಇಲ್ಲದೆ ಕೊಂಡು, ಎರಡು ವಾರ ಕಳೆದ ಮೇಲೆ ಹಳೆಯದನ್ನು ಮಾರಿ. ಕೊಡುವ ಮುಂಚೆ ಸೆಟ್ಟಿಂಗ್ಸ್‌ನಿಂದ ಗೂಗಲ್ ಖಾತೆ ತೆಗೆದು ಆಮೇಲೆ ರೀಸೆಟ್ ಮಾಡಿ, ಇಲ್ಲದಿದ್ದರೆ ಕೊಂಡವರು ನಿಮ್ಮ ಪಾಸ್‌ವರ್ಡ್ ಕೇಳಿಕೊಂಡು ಫೋನ್ ಮಾಡುತ್ತಾರೆ.